ಅಮೆರಿಕದ ಉದ್ಯಾನಗಳಲ್ಲಿ ಆರ್‌ವಿ ಶಿಬಿರವಾಸ

ಆರ್‌ವಿ ಶಿಬಿರವಾಸವು ಮಲಗುವ, ಅಡುಗೆ ಮಾಡುವ ಹಾಗೂ ಶೌಚದ ಅನುಕೂಲಗಳುಳ್ಳ ವಾಹನದಲ್ಲಿ ಪ್ರಯಾಣಿಸಿ, ಉದ್ಯಾನ ಅಥವಾ ಅರಣ್ಯದ ಗೊತ್ತುಪಡಿಸಿದ ಸ್ಥಳದಲ್ಲಿ ಆ ವಾಹನವನ್ನೇ ಬಿಡಾರವಾಗಿಸಿಕೊಂಡು ತಂಗುವ ಪ್ರವಾಸ ಪದ್ಧತಿಯಾಗಿದೆ. ‘ಆರ್‌ವಿ’ ಎಂಬುದು ‘ರಿಕ್ರಿಯೇಷನಲ್ ವೆಹಿಕಲ್’ ಎಂಬುದರ ಸಂಕ್ಷಿಪ್ತ ರೂಪ. ಬ್ರಿಟನ್ ಮತ್ತು ಭಾರತದಲ್ಲಿ ಇಂತಹ ವಾಹನಗಳಿಗೆ ಕ್ಯಾರವಾನ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಈ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೋಟಾರು ವಾಹನ ಹಾಗೂ ರಾಷ್ಟ್ರೀಯ ಉದ್ಯಾನಗಳ ಜೊತೆಜೊತೆಯಲ್ಲಿಯೇ ಬೆಳೆಯಿತು.

ಮನೆಯ ಸೌಕರ್ಯವನ್ನು ಕಾಡಿನ ನಡುವೆ ಕೊಂಡೊಯ್ಯುವುದು ಈ ಪದ್ಧತಿಯ ಆಕರ್ಷಣೆಯಾದರೆ, ಆ ಸೌಕರ್ಯದ ಭಾರದಿಂದ ಕಾಡನ್ನು ಉಳಿಸಿಕೊಳ್ಳುವುದು ಅದರ ಮುಖ್ಯ ಸಮಸ್ಯೆ. ಇಂದಿನ ಶಿಬಿರತಾಣಗಳ ರಚನೆ, ವಾಹನಗಳ ಉದ್ದದ ಮಿತಿ, ಮಲಿನ ನೀರಿನ ವಿಲೇವಾರಿ, ಜನರೇಟರಿನ ವೇಳೆ ಮುಂತಾದ ನಿಯಮಗಳಲ್ಲಿ ಹೆಚ್ಚಿನವು ಈ ಸಮಸ್ಯೆಗೆ ಕಂಡುಕೊಂಡ ಉತ್ತರಗಳಾಗಿವೆ.

ಇತಿಹಾಸ

ಆರಂಭದ ದಿನಗಳು

1872ರಲ್ಲಿ ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾಯಿತು. ಆಗಿನ ಸಂದರ್ಶಕರು ರೈಲಿನಲ್ಲಿ ಬಂದು, ಮುಂದೆ ಕುದುರೆ ಗಾಡಿಗಳಲ್ಲಿ ಸಾಗುತ್ತಿದ್ದರು. ಮೋಟಾರು ವಾಹನಗಳಿಗೆ ಯೊಸೆಮಿಟಿ ಉದ್ಯಾನದಲ್ಲಿ 1913ರಲ್ಲಿಯೂ ಯೆಲ್ಲೋಸ್ಟೋನ್‌ನಲ್ಲಿ 1915ರಲ್ಲಿಯೂ ಪ್ರವೇಶ ದೊರೆಯಿತು. 1916ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕರಾದ ಸ್ಟೀಫನ್ ಮ್ಯಾಥರ್ ಅವರು, ಸಾಮಾನ್ಯ ಜನರು ಸ್ವಂತ ಕಾರುಗಳಲ್ಲಿ ಬಂದು ಉದ್ಯಾನಗಳನ್ನು ನೋಡಿದರೆ ಮಾತ್ರ ಅವುಗಳ ರಕ್ಷಣೆಗೆ ಜನಬೆಂಬಲ ದೊರೆಯುವುದೆಂದು ನಂಬಿದ್ದರು. ಹೀಗೆ ಉದ್ಯಾನಗಳ ಉಳಿವು ಮತ್ತು ವಾಹನಗಳ ಪ್ರವೇಶ ಎರಡೂ ಮೊದಲಿನಿಂದಲೇ ಒಂದಕ್ಕೊಂದು ಹೆಣೆದುಕೊಂಡವು.

1910ರಲ್ಲಿ ಪಿಯರ್ಸ್-ಆರೋ ಸಂಸ್ಥೆಯು ‘ಟೂರಿಂಗ್ ಲ್ಯಾಂಡೋ’ ಎಂಬ ಕಾರನ್ನು ಪ್ರದರ್ಶಿಸಿತು. ಹಾಸಿಗೆಯಾಗಿ ಬಿಚ್ಚಿಕೊಳ್ಳುವ ಹಿಂಬದಿಯ ಆಸನ, ಚಾಲಕನ ಆಸನದ ಬೆನ್ನಿಗೆ ಅಳವಡಿಸಿದ ಮಡಚುವ ತೊಟ್ಟಿ ಮತ್ತು ಶೌಚಪಾತ್ರೆ ಇದ್ದ ಈ ವಾಹನವನ್ನು ಕಾರ್ಖಾನೆಯಲ್ಲಿ ತಯಾರಾದ ಮೊದಲ ಆರ್‌ವಿಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಅದು ಸಿರಿವಂತರ ವಸ್ತುವಾಗಿತ್ತು. ಉಳಿದವರು ತಮ್ಮ ಕಾರುಗಳಿಗೆ ಡೇರೆ ಕಟ್ಟಿಕೊಂಡು, ಹಲಗೆಗಳಿಂದ ತಾವೇ ಬಂಡಿಗಳನ್ನು ಮಾಡಿಕೊಂಡು ಹೊರಟರು. ಹೀಗೆ ಸಂಚರಿಸುತ್ತಿದ್ದವರು 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದ ಡಿ ಸೋಟೋ ಉದ್ಯಾನದಲ್ಲಿ ಸೇರಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನು ಕಟ್ಟಿದರು. ಇದೇ ಕಾಲದಲ್ಲಿ ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಹಾರ್ವೆ ಫೈರ್‌ಸ್ಟೋನ್ ಮತ್ತು ನಿಸರ್ಗ ಲೇಖಕ ಜಾನ್ ಬರೋಸ್ ಅವರು ಒಟ್ಟಾಗಿ ಕೈಗೊಂಡ ಶಿಬಿರಯಾತ್ರೆಗಳು ಪತ್ರಿಕೆಗಳಲ್ಲಿ ವ್ಯಾಪಕ ಪ್ರಚಾರ ಪಡೆದು, ಕಾರಿನಲ್ಲಿ ಹೋಗಿ ಬಯಲಿನಲ್ಲಿ ತಂಗುವ ಹವ್ಯಾಸವನ್ನು ಜನಪ್ರಿಯಗೊಳಿಸಿದವು.

ಮೈನೆಕಿ ಅವರ ಯೋಜನೆ

1920ರ ದಶಕದಲ್ಲಿ ಶಿಬಿರತಾಣವೆಂದರೆ ಮರಗಳ ನಡುವಿನ ತೆರೆದ ಜಾಗವಷ್ಟೇ ಆಗಿತ್ತು. ಬಂದವರು ತಮಗೆ ಇಷ್ಟವಾದ ಮರದ ಬುಡದವರೆಗೂ ಕಾರನ್ನು ಓಡಿಸಿಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಆ ನೆಲ ಹುಲ್ಲು ಗಿಡಗಳಿಲ್ಲದೆ ಬರಿದಾಗತೊಡಗಿತು.

ಇದರ ಕಾರಣವನ್ನು ವೈಜ್ಞಾನಿಕವಾಗಿ ವಿವರಿಸಿದವರು ಸಸ್ಯರೋಗ ತಜ್ಞ ಎಮಿಲಿಯೊ ಮೈನೆಕಿ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ಮೇಲೆ ಪ್ರವಾಸಿಗರ ಸಂಚಾರದಿಂದಾಗುವ ಪರಿಣಾಮವನ್ನು ಅವರು 1920ರ ದಶಕದ ಕೊನೆಯಲ್ಲಿ ಅಧ್ಯಯನ ಮಾಡಿದರು. ಮರಗಳ ಬೃಹತ್ ಕಾಂಡಕ್ಕಿಂತ, ಮೇಲ್ಮಣ್ಣಿನಲ್ಲಿ ಹರಡಿಕೊಂಡಿರುವ ಸೂಕ್ಷ್ಮ ಬೇರುಗಳಿಗೇ ಅಪಾಯ ಹೆಚ್ಚೆಂಬುದು ಅವರ ನಿರ್ಣಯವಾಗಿತ್ತು. ಚಕ್ರಗಳ ಮತ್ತು ಪಾದಗಳ ಒತ್ತಡದಿಂದ ಮಣ್ಣು ಗಟ್ಟಿಯಾದಾಗ ಅದರೊಳಗಿನ ಗಾಳಿಯ ಅವಕಾಶಗಳು ಮುಚ್ಚಿಹೋಗುತ್ತವೆ, ಮಳೆನೀರು ಇಂಗದೆ ಮೇಲೆಯೇ ಹರಿದುಹೋಗುತ್ತದೆ, ಬೇರುಗಳು ಸಾಯುತ್ತವೆ. ಮರವು ತಕ್ಷಣ ಒಣಗುವುದಿಲ್ಲವಾದ್ದರಿಂದ ಹಾನಿಯು ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ.

1932ರಲ್ಲಿ ಅವರು ಅರಣ್ಯ ಸೇವೆಗಾಗಿ ಶಿಬಿರತಾಣಗಳ ನೀತಿಯೊಂದನ್ನು ರೂಪಿಸಿದರು. ಜನರನ್ನು ತಡೆಯುವ ಬದಲು ವಾಹನವನ್ನು ಒಂದು ಸ್ಥಳಕ್ಕೆ ಕಟ್ಟಿಹಾಕಬೇಕೆಂಬುದು ಅದರ ತಿರುಳು. ಅದರಂತೆ ಶಿಬಿರತಾಣದೊಳಗೆ ಏಕಮುಖ ಸಂಚಾರದ ಬಳಸುದಾರಿಯನ್ನು ಹಾಕಿ, ಪ್ರತಿಯೊಂದು ಬಿಡಾರಕ್ಕೂ ಆ ದಾರಿಯಿಂದ ಕವಲೊಡೆದ ಗಿಡ್ಡನೆಯ ನಿಲುಗಡೆಯನ್ನು ಕಲ್ಪಿಸಬೇಕು. ನಿಲುಗಡೆಯ ಅಂಚಿನಲ್ಲಿ ಬಂಡೆ ಅಥವಾ ಮರದ ದಿಮ್ಮಿಗಳನ್ನಿಟ್ಟು ವಾಹನ ಮುಂದೆ ಹೋಗದಂತೆ ತಡೆಯಬೇಕು. ಮೇಜು ಮತ್ತು ಒಲೆಯನ್ನು ಒಂದೇ ಕಡೆ ಸ್ಥಿರವಾಗಿ ನೆಟ್ಟರೆ ಜನರ ಓಡಾಟವೂ ಅಷ್ಟರಲ್ಲಿಯೇ ನಿಲ್ಲುತ್ತದೆ. ಉಳಿದ ನೆಲದಲ್ಲಿ ಪೊದೆಗಳು ಬೆಳೆದು ಬಿಡಾರಗಳ ನಡುವೆ ಮರೆಯನ್ನೂ ಒದಗಿಸುತ್ತವೆ. 1933ರಲ್ಲಿ ಆರಂಭವಾದ ಸಿವಿಲಿಯನ್ ಕನ್ಸರ್ವೇಷನ್ ಕೋರ್‌ನ ಯುವಕರು ದೇಶದಾದ್ಯಂತ ಈ ಮಾದರಿಯಲ್ಲಿ ಶಿಬಿರತಾಣಗಳನ್ನು ನಿರ್ಮಿಸಿದರು. ಇಂದಿಗೂ ಅಮೆರಿಕದ ಸರ್ಕಾರಿ ಶಿಬಿರತಾಣಗಳ ಮೂಲ ವಿನ್ಯಾಸ ಇದೇ ಆಗಿದೆ.

ಈ ವಿನ್ಯಾಸವು ಕಾರು ಮತ್ತು ಡೇರೆಗೆಂದು ಹುಟ್ಟಿದ್ದು. 1930ರ ದಶಕದ ನಡುವೆಯೇ ಕಾರಿಗೆ ಕಟ್ಟಿ ಎಳೆಯುವ ಟ್ರೈಲರುಗಳು ಹೆಚ್ಚಿದಾಗ, ಉದ್ದನೆಯ ವಾಹನಗಳಿಗೆ ದಾರಿ ಅಗಲಿಸುತ್ತ ಹೋದರೆ ಕಾಡೇ ಉಳಿಯದೆಂದು ಮೈನೆಕಿ ಎಚ್ಚರಿಸಿದ್ದರು.

ಯುದ್ಧೋತ್ತರ ವಿಸ್ತರಣೆ

1936ರಲ್ಲಿ ವಾಲಿ ಬಯಮ್ ಅವರ ಏರ್‌ಸ್ಟ್ರೀಮ್ ಸಂಸ್ಥೆಯು ಅಲ್ಯೂಮಿನಿಯಂ ಹೊದಿಕೆಯ ‘ಕ್ಲಿಪ್ಪರ್’ ಟ್ರೈಲರನ್ನು ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧದ ನಂತರ ಸಂಬಳ ಸಹಿತ ರಜೆ, ಕಾರುಗಳ ಸಂಖ್ಯೆ ಮತ್ತು 1956ರ ಕಾಯಿದೆಯ ಮೂಲಕ ಆರಂಭವಾದ ಅಂತರರಾಜ್ಯ ಹೆದ್ದಾರಿಗಳ ನಿರ್ಮಾಣದಿಂದ ಪ್ರವಾಸಿಗರ ಸಂಖ್ಯೆ ಏರಿತು. ಅದೇ ವರ್ಷ ರಾಷ್ಟ್ರೀಯ ಉದ್ಯಾನ ಸೇವೆಯು ‘ಮಿಷನ್ 66’ ಎಂಬ ಹತ್ತು ವರ್ಷಗಳ ಯೋಜನೆಯನ್ನು ಕೈಗೊಂಡು ರಸ್ತೆ, ಸಂದರ್ಶಕರ ಕೇಂದ್ರ ಹಾಗೂ ಶಿಬಿರತಾಣಗಳನ್ನು ವಿಸ್ತರಿಸಿತು.

1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್ ನಗರದಲ್ಲಿ ಆರಂಭವಾದ ಕೆಒಎ ಸಂಸ್ಥೆಯು ಹೆದ್ದಾರಿಗಳ ಬದಿಯ ಖಾಸಗಿ ಶಿಬಿರತಾಣಗಳ ಸರಣಿಯಾಗಿ ಬೆಳೆಯಿತು. ಅಯೋವಾ ರಾಜ್ಯದ ವಿನ್ನೆಬೇಗೊ ಸಂಸ್ಥೆಯು 1966ರಿಂದ ಮೋಟರ್‌ಹೋಮುಗಳನ್ನು ಜೋಡಣಾ ಸಾಲಿನಲ್ಲಿ ತಯಾರಿಸಿ ಮಧ್ಯಮ ವರ್ಗದವರಿಗೂ ಎಟುಕುವಂತೆ ಮಾಡಿತು. 1973ರ ತೈಲ ಬಿಕ್ಕಟ್ಟು ಈ ಉದ್ಯಮಕ್ಕೆ ದೊಡ್ಡ ಪೆಟ್ಟು ನೀಡಿತು. ಕೋವಿಡ್ ಸಾಂಕ್ರಾಮಿಕದ ಸಮಯದಲ್ಲಿ ಹೋಟೆಲು ಮತ್ತು ವಿಮಾನಗಳನ್ನು ತಪ್ಪಿಸಲು ಬಯಸಿದವರಿಂದ ಬೇಡಿಕೆ ಏರಿ, 2021ರಲ್ಲಿ ಸುಮಾರು 6 ಲಕ್ಷ ಆರ್‌ವಿಗಳು ಕಾರ್ಖಾನೆಗಳಿಂದ ಹೊರಬಂದವು. ಅದು ಅಲ್ಲಿಯವರೆಗಿನ ದಾಖಲೆಯಾಗಿತ್ತು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರದೇಶವು ಈ ಉದ್ಯಮದ ಕೇಂದ್ರವಾಗಿದೆ.

ವರ್ಣಭೇದದ ಕಾಲ

ಉದ್ಯಾನಗಳು ಸರ್ವರಿಗೂ ಸೇರಿದವೆಂದು ಹೇಳಲಾಗುತ್ತಿದ್ದರೂ ಬಯಲಿನಲ್ಲಿ ತಂಗುವ ಅವಕಾಶ ಎಲ್ಲರಿಗೂ ಸಮಾನವಾಗಿರಲಿಲ್ಲ. ವರ್ಜೀನಿಯಾದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ತೆರೆದ ಲೂಯಿಸ್ ಮೌಂಟನ್ ತಾಣವನ್ನು ಕಪ್ಪು ಜನಾಂಗದವರಿಗೆಂದು ಪ್ರತ್ಯೇಕವಾಗಿ ಇರಿಸಲಾಗಿತ್ತು. ಆ ಉದ್ಯಾನದಲ್ಲಿ ಈ ಪ್ರತ್ಯೇಕತೆ 1950ರ ವೇಳೆಗೆ ಪೂರ್ಣವಾಗಿ ಕೊನೆಗೊಂಡಿತು. ರಸ್ತೆಯುದ್ದಕ್ಕೂ ಊಟ, ವಸತಿ ಮತ್ತು ಇಂಧನ ನಿರಾಕರಿಸಲ್ಪಡುವ ಭಯವಿದ್ದ ಕಪ್ಪು ಪ್ರಯಾಣಿಕರಿಗೆ, ವಿಕ್ಟರ್ ಹ್ಯೂಗೊ ಗ್ರೀನ್ ಅವರು 1936ರಿಂದ ಪ್ರಕಟಿಸತೊಡಗಿದ ‘ಗ್ರೀನ್ ಬುಕ್’ ಎಂಬ ಕೈಪಿಡಿ ಸುರಕ್ಷಿತ ತಾಣಗಳನ್ನು ಸೂಚಿಸುತ್ತಿತ್ತು.

ವಾಹನಗಳ ವಿಧಗಳು

ಆರ್‌ವಿಗಳನ್ನು ಸ್ವಂತ ಎಂಜಿನ್ ಉಳ್ಳವು ಮತ್ತು ಎಳೆದೊಯ್ಯುವಂಥವು ಎಂದು ಎರಡಾಗಿ ವಿಂಗಡಿಸಲಾಗುತ್ತದೆ.

ಎಂಜಿನ್ ಉಳ್ಳ ಮೋಟರ್‌ಹೋಮುಗಳಲ್ಲಿ ‘ಎ’ ದರ್ಜೆಯವು ಬಸ್ಸಿನ ಆಕಾರದಲ್ಲಿದ್ದು 45 ಅಡಿಗಳವರೆಗೂ ಉದ್ದವಿರುತ್ತವೆ. ‘ಬಿ’ ದರ್ಜೆಯವು ವ್ಯಾನಿನ ಒಳಭಾಗವನ್ನೇ ವಾಸಕ್ಕೆ ಮಾರ್ಪಡಿಸಿದ ಚಿಕ್ಕ ವಾಹನಗಳು. ‘ಸಿ’ ದರ್ಜೆಯವುಗಳಲ್ಲಿ ಚಾಲಕನ ಕ್ಯಾಬಿನ್ನಿನ ಮೇಲೆ ಮುಂದಕ್ಕೆ ಚಾಚಿಕೊಂಡ ಮಲಗುವ ಅಟ್ಟವಿರುತ್ತದೆ. ಬಾಡಿಗೆಗೆ ದೊರೆಯುವ ವಾಹನಗಳಲ್ಲಿ ಇವು ಸಾಮಾನ್ಯ.

ಎಳೆದೊಯ್ಯುವ ವಿಧಗಳಲ್ಲಿ ಸಾಮಾನ್ಯ ಟ್ರೈಲರನ್ನು ವಾಹನದ ಹಿಂಬದಿಯ ಕೊಂಡಿಗೆ ಸಿಕ್ಕಿಸಲಾಗುತ್ತದೆ. ‘ಫಿಫ್ತ್ ವೀಲ್’ ಎಂಬ ದೊಡ್ಡ ಟ್ರೈಲರು ಪಿಕಪ್ ಟ್ರಕ್ಕಿನ ಸರಕು ತಟ್ಟೆಯೊಳಗೆ ಅಳವಡಿಸಿದ ಕೊಂಡಿಯ ಮೇಲೆ ಕೂರುತ್ತದೆ. ಭಾರವು ಟ್ರಕ್ಕಿನ ಹಿಂಬದಿಯ ಅಚ್ಚಿನ ಸಮೀಪಕ್ಕೆ ಬೀಳುವುದರಿಂದ ಇದರ ಓಲಾಟ ಕಡಿಮೆ. ಇವಲ್ಲದೆ ಮಡಚಬಹುದಾದ ಡೇರೆ ಟ್ರೈಲರುಗಳೂ ಟ್ರಕ್ಕಿನ ಮೇಲೆ ಕೂರಿಸುವ ಕ್ಯಾಂಪರುಗಳೂ ಇವೆ. ಎಳೆದೊಯ್ಯುವ ವಿಧಗಳಲ್ಲಿ ಟ್ರೈಲರನ್ನು ಬಿಡಾರದಲ್ಲಿಯೇ ಬಿಟ್ಟು ಕಾರು ಅಥವಾ ಟ್ರಕ್ಕಿನಲ್ಲಿ ಉದ್ಯಾನ ಸುತ್ತಬಹುದು. ದೊಡ್ಡ ಮೋಟರ್‌ಹೋಮ್ ಉಳ್ಳವರಲ್ಲಿ ಕೆಲವರು ಇದೇ ಉದ್ದೇಶಕ್ಕೆ ಅದರ ಹಿಂದೆ ಚಿಕ್ಕ ಕಾರೊಂದನ್ನು ಎಳೆದು ತರುತ್ತಾರೆ.

ಬಿಡಾರದ ಸೌಲಭ್ಯಗಳು

ವಿದ್ಯುತ್ತು, ನೀರು ಮತ್ತು ಒಳಚರಂಡಿಗಳ ಸಂಪರ್ಕವನ್ನು ‘ಹುಕ್‌ಅಪ್’ ಎನ್ನುತ್ತಾರೆ. ಮೂರೂ ಇದ್ದರೆ ಅದು ‘ಪೂರ್ಣ ಹುಕ್‌ಅಪ್’. ವಿದ್ಯುತ್ ಸಂಪರ್ಕವು ಸಾಮಾನ್ಯವಾಗಿ 30 ಅಥವಾ 50 ಆಂಪಿಯರ್‌ಗಳದ್ದಾಗಿರುತ್ತದೆ. 30 ಆಂಪಿಯರ್‌ನ ಸಂಪರ್ಕವು 120 ವೋಲ್ಟ್‌ಗಳಲ್ಲಿ ಗರಿಷ್ಠ 3,600 ವ್ಯಾಟ್ ಒದಗಿಸುತ್ತದೆ. ಹವಾನಿಯಂತ್ರಕವನ್ನೂ ಮೈಕ್ರೋವೇವ್ ಒಲೆಯನ್ನೂ ಒಟ್ಟಿಗೆ ಬಳಸಿದರೆ ಬ್ರೇಕರ್ ಬೀಳುವ ಸಾಧ್ಯತೆಯಿದೆ. 50 ಆಂಪಿಯರ್‌ನ ಸಂಪರ್ಕದಲ್ಲಿ ಎರಡು ತಂತಿಗಳಿಂದ ಒಟ್ಟು 12,000 ವ್ಯಾಟ್‌ವರೆಗೆ ಪಡೆಯಬಹುದು.

ಆರ್‌ವಿಯಲ್ಲಿ ಮೂರು ಬಗೆಯ ತೊಟ್ಟಿಗಳಿರುತ್ತವೆ. ಕುಡಿಯುವ ಮತ್ತು ಬಳಸುವ ನೀರಿಗೆ ಒಂದು. ಸ್ನಾನ ಮತ್ತು ಪಾತ್ರೆ ತೊಳೆದ ‘ಬೂದು ನೀರಿಗೆ’ ಇನ್ನೊಂದು. ಶೌಚದ ‘ಕಪ್ಪು ನೀರಿಗೆ’ ಮತ್ತೊಂದು. ಕೊನೆಯ ಎರಡನ್ನು ಒಳಚರಂಡಿ ಸಂಪರ್ಕದಲ್ಲಿ ಅಥವಾ ‘ಡಂಪ್ ಸ್ಟೇಷನ್’ ಎಂಬ ಸಾರ್ವಜನಿಕ ವಿಲೇವಾರಿ ಕೇಂದ್ರದಲ್ಲಿ ಮಾತ್ರ ಖಾಲಿ ಮಾಡಬೇಕು. ಮೊದಲು ಕಪ್ಪು ನೀರನ್ನು ಬಿಟ್ಟು, ಆಮೇಲೆ ಬೂದು ನೀರನ್ನು ಬಿಡುವುದು ರೂಢಿ. ಇದರಿಂದ ಕೊಳವೆ ತಕ್ಕಮಟ್ಟಿಗೆ ತೊಳೆದುಹೋಗುತ್ತದೆ. ಕಪ್ಪು ನೀರಿನ ತೊಟ್ಟಿಯ ಕವಾಟವನ್ನು ಸದಾ ತೆರೆದಿಟ್ಟರೆ ದ್ರವವಷ್ಟೇ ಹರಿದು ಘನ ತ್ಯಾಜ್ಯ ತೊಟ್ಟಿಯಲ್ಲಿಯೇ ಗಟ್ಟಿಯಾಗಿ ಉಳಿಯುತ್ತದೆ. ಫಾರ್ಮಾಲ್ಡಿಹೈಡ್ ಇರುವ ದುರ್ಗಂಧನಾಶಕಗಳು ಮಲಗುಂಡಿಗಳಲ್ಲಿ ತ್ಯಾಜ್ಯವನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ ಅವುಗಳ ಬಳಕೆಯನ್ನು ಅನೇಕ ಕಡೆ ವಿರೋಧಿಸಲಾಗುತ್ತದೆ.

ರಾಷ್ಟ್ರೀಯ ಉದ್ಯಾನಗಳೊಳಗಿನ ಬಹುತೇಕ ಶಿಬಿರತಾಣಗಳಲ್ಲಿ ಹುಕ್‌ಅಪ್ ಇರುವುದಿಲ್ಲ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಮತ್ತು ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿನ ಟ್ರೈಲರ್ ವಿಲೇಜ್ ಪೂರ್ಣ ಹುಕ್‌ಅಪ್ ಇರುವ ಅಪವಾದಗಳು. ಫಿಶಿಂಗ್ ಬ್ರಿಡ್ಜ್ ಪ್ರದೇಶದಲ್ಲಿ ಕರಡಿಗಳ ಸಂಚಾರವಿರುವುದರಿಂದ ಗಟ್ಟಿ ಗೋಡೆಗಳುಳ್ಳ ವಾಹನಗಳಿಗೆ ಮಾತ್ರ ಅನುಮತಿಯಿದೆ. ಬಟ್ಟೆಯ ಡೇರೆ ಅಥವಾ ಡೇರೆ ಟ್ರೈಲರುಗಳಿಗೆ ಇಲ್ಲ.

ಹುಕ್‌ಅಪ್ ಇಲ್ಲದೆ ತಂಗುವುದನ್ನು ‘ಡ್ರೈ ಕ್ಯಾಂಪಿಂಗ್’ ಎಂದೂ, ಯಾವ ಸೌಲಭ್ಯವೂ ಇಲ್ಲದ ಸಾರ್ವಜನಿಕ ಬಯಲಿನಲ್ಲಿ ತಂಗುವುದನ್ನು ‘ಬೂನ್‌ಡಾಕಿಂಗ್’ ಎಂದೂ ಕರೆಯುತ್ತಾರೆ. ಭೂ ನಿರ್ವಹಣಾ ಕಚೇರಿಯ ಅಧೀನದ ಬಹುತೇಕ ನೆಲದಲ್ಲಿ 28 ದಿನಗಳ ಅವಧಿಯಲ್ಲಿ 14 ದಿನಗಳವರೆಗೆ ಉಚಿತವಾಗಿ ಹೀಗೆ ತಂಗಬಹುದು.

ನಿಯಮಗಳು ಮತ್ತು ಮಿತಿಗಳು

ಗಾತ್ರದ ಮಿತಿ

ಉದ್ಯಾನಗಳ ಹಲವು ರಸ್ತೆ ಹಾಗೂ ಶಿಬಿರತಾಣಗಳು ಇಂದಿನ ದೊಡ್ಡ ವಾಹನಗಳು ಬರುವುದಕ್ಕೆ ಮುಂಚಿನವು. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 1933ರಲ್ಲಿ ಉದ್ಘಾಟನೆಯಾದ ಗೋಯಿಂಗ್-ಟು-ದ-ಸನ್ ರಸ್ತೆಯ ಪರ್ವತ ಭಾಗದಲ್ಲಿ 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ವಾಹನಗಳಿಗೆ ಪ್ರವೇಶವಿಲ್ಲ. ಗ್ರ್ಯಾಂಡ್ ಕ್ಯಾನಿಯನ್‌ನ ಮ್ಯಾಥರ್ ಶಿಬಿರತಾಣದಲ್ಲಿ ವಾಹನದ ಉದ್ದದ ಮಿತಿ 30 ಅಡಿ. ಜಯಾನ್ ಉದ್ಯಾನದಲ್ಲಿ 1930ರಲ್ಲಿ ತೆರೆದ, 1.1 ಮೈಲಿ ಉದ್ದದ ಸುರಂಗದ ಕಮಾನಿನಡಿಯಲ್ಲಿ ಎತ್ತರದ ವಾಹನಗಳು ರಸ್ತೆಯ ಮಧ್ಯದಲ್ಲಿ ಸಾಗದೆ ಬೇರೆ ದಾರಿಯಿಲ್ಲ. ಈ ಕಾರಣದಿಂದ ಅವುಗಳಿಗಾಗಿ ಎದುರಿನ ಸಂಚಾರವನ್ನು ತಡೆದು ನಿಲ್ಲಿಸುವ ಪದ್ಧತಿ ಅಲ್ಲಿ ದಶಕಗಳ ಕಾಲ ನಡೆದುಬಂದಿತ್ತು.

ವಾಹನದ ಚಲನೆಯನ್ನೇ ಮಿತಗೊಳಿಸಿರುವ ಉದಾಹರಣೆಗಳೂ ಇವೆ. ಅಲಾಸ್ಕಾದ ಡೆನಾಲಿ ಉದ್ಯಾನದ ರಸ್ತೆಯಲ್ಲಿ 15ನೆಯ ಮೈಲಿಯ ಮುಂದೆ ಬೇಸಿಗೆಯಲ್ಲಿ ಖಾಸಗಿ ವಾಹನಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. 29ನೆಯ ಮೈಲಿಯ ಟೆಕ್ಲನಿಕಾ ಶಿಬಿರತಾಣಕ್ಕೆ ಆರ್‌ವಿ ತರುವವರು ಕನಿಷ್ಠ ಮೂರು ರಾತ್ರಿ ತಂಗಬೇಕು. ಹೊರಡುವವರೆಗೂ ವಾಹನವನ್ನು ಕದಲಿಸದೆ ಬಸ್ಸಿನಲ್ಲಿ ಸಂಚರಿಸಬೇಕು. ಜಯಾನ್ ಕಣಿವೆಯ ರಸ್ತೆಯಲ್ಲಿಯೂ 2000ದಿಂದ ಜನಸಂದಣಿಯ ಋತುವಿನಲ್ಲಿ ಖಾಸಗಿ ವಾಹನಗಳ ಬದಲು ಉದ್ಯಾನದ ಬಸ್ಸುಗಳು ಓಡುತ್ತವೆ.

ಶಬ್ದ, ಆಹಾರ ಮತ್ತು ಸೌದೆ

ರಾಷ್ಟ್ರೀಯ ಉದ್ಯಾನಗಳ ಶಿಬಿರತಾಣಗಳಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ನಿಶ್ಶಬ್ದ ಪಾಲಿಸಬೇಕು. ಜನರೇಟರ್ ಬಳಕೆಗೆ ಹಗಲಿನಲ್ಲಿಯೂ ನಿಗದಿತ ವೇಳೆಯಿರುತ್ತದೆ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲವಾದ್ದರಿಂದ, ಅದು ಒಳಸೇರಿದರೆ ಮಲಗಿರುವವರ ಪ್ರಾಣಕ್ಕೇ ಅಪಾಯ. ಇದಕ್ಕಾಗಿ ವಾಹನದೊಳಗೆ ಎಚ್ಚರಿಕೆ ಗಂಟೆಯ ಉಪಕರಣವಿರುವುದು ಅವಶ್ಯಕ.

ಕರಡಿಗಳಿರುವ ಪ್ರದೇಶಗಳಲ್ಲಿ ಆಹಾರವನ್ನು ಹೊರಗಿನ ಮೇಜಿನ ಮೇಲೆ ಬಿಡುವುದು ನಿಷಿದ್ಧ. ಮನುಷ್ಯರ ಆಹಾರದ ರುಚಿ ಕಂಡ ಕರಡಿಯು ಅಪಾಯಕಾರಿಯಾಗಿ, ಕೊನೆಗೆ ಅದನ್ನೇ ಕೊಲ್ಲಬೇಕಾದ ಸಂದರ್ಭ ಒದಗಬಹುದು. ದೂರದ ಊರಿನಿಂದ ಸೌದೆ ತರುವುದನ್ನೂ ಅನೇಕ ಕಡೆ ನಿರ್ಬಂಧಿಸಲಾಗಿದೆ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ, ಆಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆಶ್ ಬೋರರ್ ಎಂಬ ಕೀಟವು ಪ್ರವಾಸಿಗರು ಒಯ್ದ ಸೌದೆಯ ಮೂಲಕವೂ ಹೊಸ ಪ್ರದೇಶಗಳಿಗೆ ಹರಡಿದೆ.

ಕಾಯ್ದಿರಿಸುವಿಕೆ

ಒಕ್ಕೂಟ ಸರ್ಕಾರದ ಶಿಬಿರತಾಣಗಳಲ್ಲಿ ಹೆಚ್ಚಿನವನ್ನು ‘ರಿಕ್ರಿಯೇಷನ್ ಡಾಟ್ ಗೌ’ ಜಾಲತಾಣದ ಮೂಲಕ ಕಾಯ್ದಿರಿಸಲಾಗುತ್ತದೆ. ಅನೇಕ ತಾಣಗಳಿಗೆ ಆರು ತಿಂಗಳ ಮೊದಲೇ ಅವಕಾಶ ತೆರೆಯುತ್ತದೆ. ಜನಪ್ರಿಯ ಉದ್ಯಾನಗಳ ಬೇಸಿಗೆಯ ದಿನಗಳು ಕೆಲವೇ ನಿಮಿಷಗಳಲ್ಲಿ ತುಂಬಿಹೋಗುವುದುಂಟು. 62 ವರ್ಷ ತುಂಬಿದ ಅಮೆರಿಕದ ಪ್ರಜೆಗಳಿಗೂ ಖಾಯಂ ನಿವಾಸಿಗಳಿಗೂ ದೊರೆಯುವ ‘ಸೀನಿಯರ್ ಪಾಸ್’ ಇದ್ದರೆ ಅನೇಕ ಶಿಬಿರತಾಣಗಳಲ್ಲಿ ಅರ್ಧ ಶುಲ್ಕದ ರಿಯಾಯಿತಿ ಇದೆ. ಮಕ್ಕಳನ್ನು ನೋಡಲು ಸಂದರ್ಶಕರಾಗಿ ಅಮೆರಿಕಕ್ಕೆ ಹೋಗುವ ಭಾರತದ ಹಿರಿಯರಿಗೆ ಈ ಪಾಸ್ ಅನ್ವಯಿಸುವುದಿಲ್ಲ.

ಸಮಾಜ ಮತ್ತು ಸಂಸ್ಕೃತಿ

ಚಳಿಗಾಲದಲ್ಲಿ ಉತ್ತರದ ಹಿಮಪ್ರದೇಶಗಳಿಂದ ಆರ್‌ವಿಗಳಲ್ಲಿ ದಕ್ಷಿಣಕ್ಕೆ ಇಳಿಯುವ ನಿವೃತ್ತರನ್ನು ವಲಸೆ ಹಕ್ಕಿಗಳಿಗೆ ಹೋಲಿಸಿ ‘ಸ್ನೋಬರ್ಡ್ಸ್’ ಎನ್ನುತ್ತಾರೆ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬ ಮರುಭೂಮಿಯ ಚಿಕ್ಕ ಊರಿನ ಸುತ್ತ ಪ್ರತಿ ಚಳಿಗಾಲದಲ್ಲಿ ಇಂತಹವರ ಬಿಡಾರಗಳೇ ಒಂದು ಪಟ್ಟಣವಾಗುತ್ತವೆ. ಅನೇಕ ನಿವೃತ್ತರು ‘ಕ್ಯಾಂಪ್ ಹೋಸ್ಟ್’ ಎಂಬ ಸ್ವಯಂಸೇವಕರಾಗಿ ಶಿಬಿರತಾಣದ ಮೇಲ್ವಿಚಾರಣೆಗೆ ನೆರವಾಗಿ, ಪ್ರತಿಯಾಗಿ ಉಚಿತ ಬಿಡಾರವನ್ನು ಪಡೆಯುತ್ತಾರೆ.

ಮನೆಯ ಬಾಡಿಗೆ ಅಥವಾ ಸಾಲ ತೀರಿಸಲಾಗದೆ ವಾಹನವನ್ನೇ ಮನೆಯಾಗಿಸಿಕೊಂಡವರೂ ಇದ್ದಾರೆ. ಇಳಿವಯಸ್ಸಿನಲ್ಲಿ ಗೋದಾಮು ಮತ್ತು ಶಿಬಿರತಾಣಗಳಲ್ಲಿ ಋತುಮಾನದ ಕೂಲಿ ಮಾಡುತ್ತ ಅಲೆಯುವ ಇಂತಹವರ ಬದುಕನ್ನು ಜೆಸಿಕಾ ಬ್ರೂಡರ್ ಅವರ ‘ನೊಮ್ಯಾಡ್‌ಲ್ಯಾಂಡ್’ ಎಂಬ 2017ರ ಕೃತಿ ದಾಖಲಿಸಿದೆ. ಅದನ್ನು ಆಧರಿಸಿ ಕ್ಲೋಯಿ ಜಾವ್ ನಿರ್ದೇಶಿಸಿದ ಚಲನಚಿತ್ರಕ್ಕೆ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪ್ರಶಸ್ತಿ ಲಭಿಸಿತು. ಒಂದೇ ಶಿಬಿರತಾಣದಲ್ಲಿ ರಜೆ ಕಳೆಯಲು ಬಂದವರೂ ಹೋಗಲು ಬೇರೆ ಮನೆಯಿಲ್ಲದವರೂ ನೆರೆಹೊರೆಯಾಗಿರುವುದು ಅಪರೂಪವಲ್ಲ.

ಚರ್ಚೆ

ಹಳೆಯ ಶಿಬಿರತಾಣಗಳನ್ನು ದೊಡ್ಡ ಆರ್‌ವಿಗಳಿಗೆ ತಕ್ಕಂತೆ ಮಾರ್ಪಡಿಸಬೇಕೆ ಎಂಬುದು ಮುಗಿಯದ ಚರ್ಚೆ. 2019ರಲ್ಲಿ ಇಂಟೀರಿಯರ್ ಇಲಾಖೆಯ ಸಲಹಾ ಸಮಿತಿಗೆ ಸಲ್ಲಿಸಿದ ಶಿಫಾರಸುಗಳಲ್ಲಿ, ಖಾಸಗಿ ಸಂಸ್ಥೆಗಳ ನೆರವಿನಿಂದ ಶಿಬಿರತಾಣಗಳನ್ನು ಆಧುನೀಕರಿಸಿ ವೈ-ಫೈ ಮೊದಲಾದ ಅನುಕೂಲಗಳನ್ನು ಒದಗಿಸುವ ಸಲಹೆಯಿತ್ತು. ಇದಕ್ಕೆ ಸಂರಕ್ಷಣಾವಾದಿಗಳಿಂದ ತೀವ್ರ ವಿರೋಧ ವ್ಯಕ್ತವಾಯಿತು.

ಮಾರ್ಪಾಡನ್ನು ಬೆಂಬಲಿಸುವವರು ವೃದ್ಧರು, ಅಂಗವಿಕಲರು ಹಾಗೂ ಚಿಕ್ಕ ಮಕ್ಕಳಿರುವ ಕುಟುಂಬಗಳನ್ನು ಮುಂದಿಡುತ್ತಾರೆ. ನೆಲದ ಮೇಲೆ ಮಲಗಲಾಗದವರಿಗೂ ಔಷಧಿಯನ್ನು ತಂಪಾಗಿ ಇಡಬೇಕಾದವರಿಗೂ ಉಸಿರಾಟದ ಯಂತ್ರಕ್ಕೆ ವಿದ್ಯುತ್ತು ಬೇಕಾದವರಿಗೂ ಉದ್ಯಾನದೊಳಗೆ ರಾತ್ರಿ ಕಳೆಯಲು ಆರ್‌ವಿಯೇ ದಾರಿ. ವಿರೋಧಿಸುವವರ ಪ್ರಕಾರ, ನಿಲುಗಡೆಯನ್ನು ಉದ್ದವಾಗಿಸಿದಷ್ಟೂ ಮರಗಳನ್ನು ಕಡಿಯಬೇಕಾಗುತ್ತದೆ, ಬಿಡಾರಗಳ ಸಂಖ್ಯೆ ಕಡಿಮೆಯಾಗುತ್ತದೆ ಮತ್ತು ಅಗ್ಗದ ಡೇರೆಯಲ್ಲಿ ಬರುವ ಬಡವರಿಗೆ ಜಾಗವಿಲ್ಲದಂತಾಗುತ್ತದೆ. ಅನೇಕ ಉದ್ಯಾನಗಳು ಮಧ್ಯಮ ಮಾರ್ಗವನ್ನು ಹಿಡಿದಿವೆ: ಕೆಲವೇ ತಾಣಗಳಲ್ಲಿ ಹುಕ್‌ಅಪ್ ಒದಗಿಸಿ, ಅತಿ ದೊಡ್ಡ ವಾಹನಗಳನ್ನು ಉದ್ಯಾನದ ಹೊರಗಿನ ಖಾಸಗಿ ಶಿಬಿರತಾಣಗಳಿಗೆ ಬಿಡುತ್ತವೆ.

ಭಾರತೀಯರು ಮತ್ತು ಭಾರತದಲ್ಲಿ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 26,000 ಪೌಂಡ್‌ವರೆಗಿನ ಮೋಟರ್‌ಹೋಮ್ ಓಡಿಸಲು ಸಾಮಾನ್ಯ ಕಾರಿನ ಪರವಾನಗಿಯೇ ಸಾಕು. ಆದ್ದರಿಂದ ಅಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿದಂತೆ ಭಾರತೀಯ ಕುಟುಂಬಗಳು ಆರ್‌ವಿಯನ್ನು ಬಾಡಿಗೆಗೆ ಪಡೆಯುವುದು ಸುಲಭ. ಅಡುಗೆಮನೆ ಜೊತೆಯಲ್ಲಿಯೇ ಇರುವುದರಿಂದ ಸಸ್ಯಾಹಾರಿಗಳಿಗೂ ವಯಸ್ಸಾದ ತಂದೆತಾಯಿಯರೊಡನೆ ಪ್ರಯಾಣಿಸುವವರಿಗೂ ಇದು ಅನುಕೂಲಕರ.

ಭಾರತದಲ್ಲಿ ಈ ಪದ್ಧತಿ ಇನ್ನೂ ಆರಂಭದ ಹಂತದಲ್ಲಿದೆ. ಕೇರಳ ಸರ್ಕಾರವು 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಯೋಜನೆಯನ್ನು ಪ್ರಕಟಿಸಿ, ವಾಹನಗಳ ಜೊತೆಗೆ ಅವು ತಂಗುವ ಕ್ಯಾರವಾನ್ ಪಾರ್ಕುಗಳಿಗೂ ಪ್ರೋತ್ಸಾಹ ನೀಡಿತು. ಅಮೆರಿಕದ ಉದ್ಯಾನಗಳು ವಾಹನಗಳ ಸ್ವಾಗತದಿಂದ ಆರಂಭಿಸಿ ಕ್ರಮೇಣ ಮಿತಿಗಳನ್ನು ಕಲಿತರೆ, ಭಾರತದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ವಾಹನವನ್ನು ದೂರವಿಡುವುದೇ ಪ್ರಧಾನ ನೀತಿಯಾಗಿದೆ. ಕರ್ನಾಟಕದ ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ವನ್ಯಪ್ರಾಣಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಲಾಗಿದೆ. ಆದುದರಿಂದ ಭಾರತದಲ್ಲಿ ಕ್ಯಾರವಾನ್ ತಾಣಗಳು ಕಾಡಿನ ಒಳಗಲ್ಲದೆ ಅದರ ಹೊರಗೆ, ತೋಟ, ಹಿನ್ನೀರು ಹಾಗೂ ಕಡಲತೀರಗಳ ಆಸುಪಾಸಿನಲ್ಲಿ ಬೆಳೆಯುವ ಸಾಧ್ಯತೆಯೇ ಹೆಚ್ಚು.